ಹೊಯ್ಸಳ ರಾಣಿ ಶಾಂತಲಾದೇವಿ

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಆರು ಮಂದಿ ಪತ್ನಿಯರ ಗತಿಯನ್ನು ನಮ್ಮ ಬಾಲಿಕೆಯರು ಚರಿತ್ರೆಯ ಪಾಠದಲ್ಲಿ ಓದುವುದುಂಟು. ಇಬ್ಬರು ಪರಿತ್ಯಕ್ತೆಯರಾದರು, ಇಬ್ಬರು 1536 ಮತ್ತು 1542ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು, ಒಬ್ಬಳು 1537ರಲ್ಲಿ ಗಂಡುಮಗುವನ್ನು ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡಳು, ಕಡೆಯವಳು ವಿಧವೆಯಾಗಿ ಉಳಿದಳು. ಬಹುಪತ್ನೀಕನಾದ ಅರಸನು ನಮ್ಮ ನಾಡಿನಲ್ಲಿಯೂ ಇದ್ದನು. ಆತನ ಪಟ್ಟಮಹಿಷಿಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಅರಿಕೆಮಾಡುವೆನು.

ಹೊಯ್ಸಳ ವಿಷ್ಣುವರ್ಧನನಿಗೆ ಶಾಂತಲೆಯಲ್ಲದೆ ಲಕ್ಷ್ಮೀದೇವಿ, ಬಮ್ಮಲದೇವಿ, ರಾಜಲದೇವಿ ಮೊದಲಾದ ರಾಣಿಯರಿದ್ದರು. ಶಾಂತಲೆಯ ತಂದೆ ಮಾರಸಿಂಗಯ್ಯನು ಶೈವನು; ತಾಯಿ ಮಾಚಿಕಬ್ಬೆಯು ಜೈನಳು. ತಾಯಿಯ ಧರ್ಮವನ್ನೇ ಅನುಸರಿಸಿದ ಮಗಳು ಸಂಗೀತ ನೃತ್ಯಗಳಲ್ಲಿ ಪ್ರವೀಣೆಯೆಂದು ಶಾಸನಗಳಲ್ಲಿ ಹೊಗಳಿಸಿಕೊಂಡಿದ್ದಾಳೆ. 1117ರಲ್ಲಿ ಅರಸನು ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯವನ್ನು ಪ್ರತಿಷ್ಠಿಸಿದಾಗ, ಅದೇ ಪ್ರಾಕಾರದಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಈಕೆಯೇ. ಹಳೇಬೀಡಿನ ಜೋಡಿ ಗುಡಿಗಳಲ್ಲಿ ಒಂದಕ್ಕೆ ಹೊಯ್ಸಳೇಶ್ವರನೆಂದೂ ಮತ್ತೊಂದಕ್ಕೆ ಶಾಂತಲೇಶ್ವರನೆಂದೂ ಹೆಸರು. ಪತಿಯ ದೇವರು ಒಂದು, ತನ್ನದು ಇನ್ನೊಂದು ಆಗಿದ್ದರೂ ಆಕೆ ಎರಡನ್ನೂ ಗೌರವಿಸಿದಳು.

1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಆಕೆ ಶಾಂತಿನಾಥನ ಬಸದಿಯೊಂದನ್ನು ಕಟ್ಟಿಸಿ, ಅದಕ್ಕೆ ದತ್ತಿಯನ್ನೂ ಬಿಟ್ಟಳು. ಆ ಬಸದಿಗೆ ಸವತಿಗಂಧವಾರಣ ಬಸದಿಯೆಂದು ಹೆಸರು. ಸವತಿಯರ ಪಾಲಿಗೆ ಮದ್ದಾನೆಯೆಂಬುದು ಆಕೆಯ ಬಿರುದು! ಅರಮನೆಯೊಳಗಿನ ಬಾಳುವೆಯು ಎಂತಹದಾಗಿತ್ತೆಂಬುದನ್ನು ಈ ಒಂದು ಮಾತೇ ತಿಳಿಸೀತು. ವಿದ್ಯೆ, ಕಲೆ, ದಾನ ಇಷ್ಟೆಲ್ಲ ಇದ್ದ ಹೆಂಗಸು ಕೂಡ ಸವತಿಯರನ್ನು ಗೆದ್ದವಳೆಂಬ ಬಿರುದನ್ನು ಹೊರಬೇಕಾಯಿತಲ್ಲಾ ಎಂದು ಮನಸ್ಸು ನೋಯುತ್ತದೆ.

1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ಮೃತಳಾದಳು. ಮಗಳನ್ನು ಕಳೆದುಕೊಂಡ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟಳು. ಸಿಂಹಾಸನವು ಮುಂದೆ ಲಕ್ಷ್ಮೀದೇವಿಯ ಮಗನಾದ ನರಸಿಂಹನಿಗೆ ಸಂದಿತು.

ಗಂಡುಸಂತಾನವಿಲ್ಲದ ಕೊರಗಿನಿಂದ ಶಾಂತಲೆಯು ಶಿವಗಂಗೆಯ ಬೆಟ್ಟದಿಂದ ಧುಮುಕಿದಳೆಂಬ ಕಥೆಯನ್ನು ಜನರು ಹೇಳುತ್ತಾರೆ. ಶಾಸನವಾದರೋ ಆಕೆ ಆ ತೀರ್ಥದಲ್ಲಿ ಸ್ವರ್ಗಸ್ಥೆಯಾದಳೆಂದು ಹೇಳುವುದೇ ಹೊರತು ಧುಮುಕಿದ ಮಾತನ್ನು ಎತ್ತುವುದಿಲ್ಲ. ಆದರೂ ಕಟ್ಟಿಸಿದ ಬಸದಿಗಿಂತ ಧುಮುಕಿದ ಕಥೆಯೇ ಹೆಚ್ಚು ಪ್ರಚಾರದಲ್ಲಿದೆ. ಗಂಡುಮಗುವನ್ನು ಹೆರದ ಹೆಣ್ಣಿನ ಬಾಳು ವ್ಯರ್ಥವೆಂದು ನಂಬಿದವರಿಗೆ ಅದು ಸಹಜವಾಗಿ ತೋರಿರಬೇಕು. ಅದೇ ಕಥೆಯನ್ನು ಕೇಳುತ್ತ ಬೆಳೆಯುವ ಬಾಲಿಕೆಯ ಮನಸ್ಸಿನಲ್ಲಿ ಯಾವ ಪಾಠವು ನಾಟೀತೆಂಬುದನ್ನು ನಾವು ಯೋಚಿಸಬೇಡವೇ?

ಜೋಗಿಮಟ್ಟಿಯ ತಪ್ಪಲಲ್ಲಿ ಬೆಳೆದ ನಮ್ಮ ಹುಡುಗಿಯರು ಓಬವ್ವನನ್ನು ಆಕೆಯ ಕೆಲಸದಿಂದ ಬಲ್ಲರು. ಆಕೆಗೆ ಮಕ್ಕಳೆಷ್ಟೆಂದು ಯಾರೂ ಕೇಳುವುದಿಲ್ಲ. ಶಾಂತಲೆಗೂ ಅದೇ ನ್ಯಾಯವು ಸಲ್ಲಲಿ. ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹೆಣ್ಣುಮಕ್ಕಳಿಗೆ ಶಿವಗಂಗೆಯ ಕಡಿದಾದ ಬಂಡೆಯನ್ನು ತೋರಿಸಿದಿರಾದರೆ, ಚಿಕ್ಕಬೆಟ್ಟದ ಆ ಬಸದಿಗೂ ತಪ್ಪದೆ ಕರೆದೊಯ್ಯಿರಿ.