ಹಾರ್ಡಿ ಕೆಡವಿದ ಚರ್ಚು

ಇಂಗ್ಲೆಂಡಿನಲ್ಲಿ ಓದ್ತಿರೋ ನಮಗೆ ಥಾಮಸ್ ಹಾರ್ಡಿ ಅಂದ್ರೆ ಕಾದಂಬರಿಕಾರ. ಆದರೆ ಅವರು ಮೊದಲು ಕಲಿತದ್ದು ವಾಸ್ತುಶಿಲ್ಪ. 1840ರಲ್ಲಿ ಡಾರ್ಸೆಟ್‌ನಲ್ಲಿ ಹುಟ್ಟಿದರು, ತಂದೆ ಕಲ್ಲುಕೆಲಸದವರು. 1870ರಲ್ಲಿ ಕಾರ್ನ್‌ವಾಲ್‌ನ ಸೇಂಟ್ ಜೂಲಿಯಟ್ ಹಳ್ಳಿಗೆ, ಶಿಥಿಲವಾಗಿದ್ದ ಚರ್ಚಿನ ಅಳತೆ ತೆಗೆದು ದುರಸ್ತಿಯ ನಕ್ಷೆ ಬರೆಯೋಕೆ ಹೋದರು. ಪಾದ್ರಿಮನೆಯ ಬಾಗಿಲಲ್ಲಿ ಎದುರುಗೊಂಡವರು ಪಾದ್ರಿಯ ನಾದಿನಿ ಎಮ್ಮಾ. 1874ರಲ್ಲಿ ಇಬ್ಬರಿಗೂ ಮದುವೆಯಾಯ್ತು.

ದುರಸ್ತಿ ಹೆಸರಲ್ಲಿ ಚರ್ಚಿನ ಹಳೇ ಗೋಪುರ, ಉತ್ತರದ ಪಾರ್ಶ್ವ ಎರಡನ್ನೂ ಕೆಡವಿದರು. ದಕ್ಷಿಣದ ಪಾರ್ಶ್ವವೇ ನಡುಭಾಗವಾಯ್ತು. ಹಳೆಯದು ಅಳಿಯೋದರಲ್ಲಿ ತಮ್ಮ ಕೈಯೂ ಇತ್ತಲ್ಲ ಅಂತ ಹಾರ್ಡಿ ಮುಂದೆ ನೊಂದರು. ಮದುವೆಯೂ ಬರಬರುತ್ತಾ ಹಳಸಿತು. 1912ರಲ್ಲಿ ಎಮ್ಮಾ ತೀರಿಕೊಂಡ ಮೇಲೆ ಮತ್ತೆ ಅಲ್ಲಿಗೆ ಹೋದರು. ಅವರೇ ವಿನ್ಯಾಸ ಮಾಡಿದ ಎಮ್ಮಾ ಸ್ಮಾರಕ ಫಲಕ ಆ ಚರ್ಚಿನ ಗೋಡೆಯಲ್ಲಿದೆ. 1928ರಲ್ಲಿ ಹಾರ್ಡಿ ಹೃದಯವನ್ನು ಡಾರ್ಸೆಟ್‌ನಲ್ಲಿ ಎಮ್ಮಾ ಸಮಾಧಿಯಲ್ಲೇ ಹೂಳಿದರು. ಕಾರ್ನ್‌ವಾಲ್ ಕಡೆ ಹೋದರೆ ನಾವೂ ಆ ಫಲಕ ನೋಡಿಬರೋಣ.