ಜೈಪುರದ ರಸ್ತೆಯಲ್ಲಿ ಬೆಂಗಳೂರಿನ ದಿವಾನರು

ಜೈಪುರಕ್ಕೆ ವರ್ಗವಾಗಿ ಬಂದ ಮೊದಲ ವಾರ. ಬ್ಯಾಂಕಿನ ಸಹೋದ್ಯೋಗಿಯೊಬ್ಬರು ಎಂ.ಐ. ರೋಡಿಗೆ ಕರೆದೊಯ್ದು ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ಕುಡಿಸಿದರು. ಎಂ.ಐ. ಅಂದರೇನು ಎಂದು ಕೇಳಿದೆ. ಇದೇ ಊರಲ್ಲಿ ಹುಟ್ಟಿ ಬೆಳೆದ ಅವರಿಗೆ ಗೊತ್ತಿರಲಿಲ್ಲ. ಲಸ್ಸಿಯವನಿಗೆ ಗೊತ್ತಿತ್ತು. ಮಿರ್ಜಾ ಇಸ್ಮಾಯಿಲ್ ಅಂತ, ರಾಜರ ಕಾಲದ ಪ್ರಧಾನಮಂತ್ರಿ ಎಂದ. ಅವರು ನಮ್ಮ ಬೆಂಗಳೂರಿನವರು ಕಣಪ್ಪಾ ಎಂದು ನನ್ನ ಅರೆಬರೆ ಹಿಂದಿಯಲ್ಲಿ ಹೇಳಿದಾಗ ಅವನು ನಂಬಿದ ಹಾಗೆ ಕಾಣಲಿಲ್ಲ.

ಮಿರ್ಜಾ ಅವರ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ನಾನು ಮಂಡ್ಯ ಸೀಮೆಯವನು. ನಮ್ಮಜ್ಜ ನಾಲೆ ನೀರಿನಲ್ಲಿ ಕಬ್ಬು ಬೆಳೆದು ಸಕ್ಕರೆ ಕಾರ್ಖಾನೆಗೆ ಗಾಡಿ ಹೊಡೆದವರು. ಆ ದುಡ್ಡಿನಲ್ಲೇ ನಮ್ಮಪ್ಪ ಹೈಸ್ಕೂಲು ಕಂಡಿದ್ದು. ನನ್ನ ಹೆಂಡತಿಯ ತವರು ಗೌರಿಬಿದನೂರು. ವಿದುರಾಶ್ವತ್ಥ ಅಲ್ಲಿಗೆ ಹತ್ತಿರ. ಅವಳ ಕಡೆಯವರು ಮಿರ್ಜಾ ಎಂದರೆ ನೆನೆಸಿಕೊಳ್ಳುವುದು ನಾಲೆಯನ್ನಲ್ಲ, ಗೋಲಿಬಾರನ್ನು. ಎರಡೂ ನಿಜ. ಒಬ್ಬನೇ ಮನುಷ್ಯನ ಲೆಕ್ಕದಲ್ಲಿ ಎರಡನ್ನೂ ಹೇಗೆ ಬರೆಯುವುದು ಎಂದು ಈ ಊರಿಗೆ ಬಂದ ಮೇಲೆ ನಾನು ಕೂತು ಓದಿಕೊಂಡೆ.

ಅಜ್ಜನ ಕಥೆಯಿಂದ ಶುರು ಮಾಡಬೇಕು. ಆಗಾ ಅಲಿ ಅಸ್ಕರ್ ಎಂಬ ಹದಿಹರೆಯದ ಹುಡುಗ 1824ರಲ್ಲಿ ಇರಾನಿನ ಶಿರಾಜ್‌ನಿಂದ ಕುದುರೆಗಳನ್ನು ತಂದು ಬೆಂಗಳೂರಿನಲ್ಲಿ ಮಾರಿದ. ದಂಡಿಗೆ, ಅರಮನೆಗೆ ಕುದುರೆ ಒದಗಿಸುತ್ತಾ ಇಲ್ಲೇ ನಿಂತ. ಮಾರ್ಕ್ ಕಬ್ಬನ್ ಕಾಲದಲ್ಲಿ ಬಂಗಲೆಗಳನ್ನೂ ಕಟ್ಟಿಸಿದ. ಕನ್ನಿಂಗ್‌ಹ್ಯಾಮ್ ರಸ್ತೆಯ ಆಸುಪಾಸಿನಲ್ಲಿ ಓಡಾಡುವವರಿಗೆ ಅಲಿ ಅಸ್ಕರ್ ರಸ್ತೆ ಗೊತ್ತು. ಆತನ ಮೊಮ್ಮಗ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲೇ.

1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ತಾಯಿ ರಾಜ್ಯವಾಳಿದರು, ಹುಡುಗನ ಓದಿಗೆ ಸ್ಟುವರ್ಟ್ ಫ್ರೇಜರ್ ಎಂಬ ಅಧಿಕಾರಿ ಬಂದರು. ಎಳೆಯ ರಾಜ ಒಬ್ಬನೇ ಕೂತು ಓದಬಾರದೆಂದು ಜೊತೆಗೆ ಕೆಲವು ಹುಡುಗರನ್ನು ಆರಿಸಿದರು. ಇಸ್ಮಾಯಿಲ್ ಆ ಗುಂಪಿನಲ್ಲಿದ್ದ. ಪಾಠ, ಕುದುರೆ ಸವಾರಿ, ಆಟ ಎಲ್ಲ ಒಟ್ಟಿಗೆ. ಒಬ್ಬ ಪಟ್ಟಕ್ಕೆ ಬಂದ, ಇನ್ನೊಬ್ಬ ಸೆಂಟ್ರಲ್ ಕಾಲೇಜಿನಲ್ಲಿ 1905ರಲ್ಲಿ ಪದವಿ ಮುಗಿಸಿ ಪೊಲೀಸ್ ಇಲಾಖೆಯ ಕೆಲಸಕ್ಕೆ ಸೇರಿದ. ಹೆಚ್ಚು ದಿನ ಅಲ್ಲಿರಲಿಲ್ಲ. ಅರಮನೆ ಕಚೇರಿಗೆ ಕರೆ ಬಂತು. ಹುಜೂರ್ ಸೆಕ್ರೆಟರಿ, ಆಮೇಲೆ ಮಹಾರಾಜರ ಖಾಸಗಿ ಕಾರ್ಯದರ್ಶಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆರು ವರ್ಷ ಅವರ ಕೆಲಸದ ರೀತಿಯನ್ನು ಮಿರ್ಜಾ ಅರಮನೆಯ ಕಡೆಯಿಂದ ಹತ್ತಿರದಲ್ಲೇ ಕಂಡರು. 1926ರ ಮೇ ತಿಂಗಳಲ್ಲಿ ತಾವೇ ದಿವಾನರಾದರು. ಆಗ ಅವರಿಗೆ 42.

ಬಾಲ್ಯದ ಗೆಳೆಯನಿಗೆ ದೊರೆ ಕೊಟ್ಟ ಹುದ್ದೆ ಅಂತ ಮೂಗು ಮುರಿಯಬಹುದು. ಆದರೆ ಆಮೇಲಿನ 15 ವರ್ಷಗಳ ಕಡತ ನೋಡಿದರೆ ಮೂಗು ತಾನೇ ಸರಿಯಾಗುತ್ತದೆ.

ಬ್ಯಾಂಕಿನವನಾದ ನನಗೆ ಮೊದಲು ಕಾಣುವುದು ಕಪ್ಪದ ಲೆಕ್ಕ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಬ್ರಿಟಿಷರು ವರ್ಷದ ಕಪ್ಪವನ್ನು 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಿದ್ದರು. ಅಷ್ಟು ಹಣ ಪ್ರತಿ ವರ್ಷ ರಾಜ್ಯದಿಂದ ಹೊರಹೋದರೆ ಶಾಲೆ, ಆಸ್ಪತ್ರೆ, ರಸ್ತೆಗೆ ಉಳಿಯುವುದೇನು? ಹಿಂದಿನ ದಿವಾನರೂ ಇದರ ಬಗ್ಗೆ ಗೋಗರೆದಿದ್ದರು. ಮಿರ್ಜಾ ಕಾಲದಲ್ಲಿ, ವೈಸ್‌ರಾಯ್ ಇರ್ವಿನ್ ಮೈಸೂರಿಗೆ ಬಂದು ಹೋದ ಹೊತ್ತಿಗೆ, ಏರಿಸಿದ್ದ 10.5 ಲಕ್ಷ ಮಾಫಿಯಾಯಿತು. ಕನ್ನಂಬಾಡಿಯ ಎಡದಂಡೆ ನಾಲೆಗೆ ಇರ್ವಿನ್ ಹೆಸರಿಟ್ಟರು. ಹೆಸರಿಗೂ ಮಾಫಿಗೂ ಸಂಬಂಧವಿತ್ತೋ ಇಲ್ಲವೋ, ನಾನಾಗಿದ್ದರೂ ಇಡುತ್ತಿದ್ದೆ. ನಮ್ಮಜ್ಜ ಕೊನೆಯವರೆಗೂ ಇರ್ವಿನ್ ನಾಲೆ ಎಂದೇ ಅನ್ನುತ್ತಿದ್ದರು. ವಿಶ್ವೇಶ್ವರಯ್ಯ ನಾಲೆ ಎಂದು ನಾವು ಹೇಳಿದರೆ ಅದ್ಯಾವುದು ಎಂದು ಕೇಳುತ್ತಿದ್ದರು.

ಅಣೆಕಟ್ಟು ಕಟ್ಟಿದ ಹೆಸರು ವಿಶ್ವೇಶ್ವರಯ್ಯನವರಿಗೆ ಹೋಯಿತು, ಹೋಗಬೇಕಾದ್ದೇ. ಆದರೆ ಕಟ್ಟೆಯಲ್ಲಿ ನಿಂತ ನೀರು ಗದ್ದೆಗೆ ತಾನಾಗಿ ಹರಿಯುವುದಿಲ್ಲ. ಹುಲಿಕೆರೆಯ ಬಳಿ ಗುಡ್ಡದೊಳಗೆ ಸುರಂಗ ಕೊರೆದು, ನಾಲೆ ತೋಡಿ, ರಾಗಿ ಜೋಳದ ಒಣ ಭೂಮಿಗೆ ನೀರು ತಂದದ್ದು ಮಿರ್ಜಾ ಕಾಲದಲ್ಲಿ. ಲಕ್ಷಕ್ಕೂ ಹೆಚ್ಚು ಎಕರೆಗೆಂದು ಮಾಡಿದ ಯೋಜನೆ ಅದು. ನೀರು ಬಂದ ಹೊತ್ತಿಗೆ ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ. ಧಾನ್ಯದ ಬೆಲೆ ನೆಲ ಕಚ್ಚಿತ್ತು. ರೈತ ನೀರಿನ ಕಂದಾಯ ಎಲ್ಲಿಂದ ಕಟ್ಟಬೇಕು? ವ್ಯವಸಾಯ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬಿನ ಬೆನ್ನು ಹತ್ತಿದ್ದರು. ಭಾರತ ಸರ್ಕಾರ 1932ರಲ್ಲಿ ಹೊರದೇಶದ ಸಕ್ಕರೆಯ ಮೇಲೆ ಸುಂಕದ ರಕ್ಷಣೆ ಕೊಟ್ಟಿತು. ಈ ಎರಡನ್ನೂ ಕೂಡಿಸಿ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸರ್ಕಾರ ದೊಡ್ಡ ಪಾಲು ಹಾಕಿತು, ಜನರಿಂದಲೂ ಷೇರು ಎತ್ತಿತು. ರೈತನಿಗೆ ಬೆಳೆ ಕೊಳ್ಳುವವರು ಸಿಕ್ಕರು, ಖಜಾನೆಗೆ ಕಂದಾಯ ಸಿಕ್ಕಿತು.

ನಾಲೆ ನೀರು ಕಬ್ಬನ್ನಷ್ಟೇ ತರಲಿಲ್ಲ, ಸೊಳ್ಳೆಯನ್ನೂ ತಂದಿತು. ರಾಕ್‌ಫೆಲರ್ ಪ್ರತಿಷ್ಠಾನದ ವೈದ್ಯರ ನೆರವು ಪಡೆದು ರಾಜ್ಯದಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನೂ ಮಂಡ್ಯದಲ್ಲಿ ಒಂದು ಆರೋಗ್ಯ ಘಟಕವನ್ನೂ ತೆರೆದರು. ಇಂಥ ಕೆಲಸಕ್ಕೆ ಯಾರೂ ವಿಗ್ರಹ ನಿಲ್ಲಿಸುವುದಿಲ್ಲ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು.

ಉಳಿದ ಕಾರ್ಖಾನೆಗಳ ಪಟ್ಟಿ ಉದ್ದವಿದೆ, ಓದುಗರಿಗೆ ಬಾಯಿಪಾಠವೂ ಇರಬಹುದು. ಬೆಂಗಳೂರಿನಲ್ಲಿ ಪಿಂಗಾಣಿ ಮತ್ತು ದೀಪದ ಕಾರ್ಖಾನೆ, ಭದ್ರಾವತಿಯಲ್ಲಿ ಉಕ್ಕು, ಕಾಗದ, ಸಿಮೆಂಟ್, ಬೆಳಗೊಳದಲ್ಲಿ ರಸಗೊಬ್ಬರ, ಬದನವಾಳಿನಲ್ಲಿ ಖಾದಿ ಕೇಂದ್ರ. ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ. ಕಚ್ಚಾವಸ್ತು ಮತ್ತು ವಿದ್ಯುತ್ ಎಲ್ಲಿ ಕೈಗೆ ಸಿಗುತ್ತದೋ ಅಲ್ಲಿ ಸರ್ಕಾರವೇ ಮೊದಲು ಹಣ ಹೂಡುವುದು, ಖಾಸಗಿಯವರ ಭಯ ಬಿಡಿಸುವುದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮೈಸೂರು ಜಾಗ ಕೊಟ್ಟು ಪಾಲುದಾರನೂ ಆಯಿತು. ಇಂದಿನ ಎಚ್‌ಎಎಲ್ ಬೆಂಗಳೂರಿನಲ್ಲಿ ಇರುವುದಕ್ಕೆ ಆ ಚುರುಕು ಕಾರಣ.

ಊರನ್ನು ನೋಡಿಕೊಂಡ ಬಗೆಯೇ ಬೇರೆ. ಬೆಳಗಿನ ಜಾವ ಕುದುರೆ ಏರಿ ಬೆಂಗಳೂರಿನ ಬೀದಿ ಸುತ್ತುವುದು ಅವರ ಅಭ್ಯಾಸ. ಚರಂಡಿ, ಕಸ, ಒಡೆದ ಗೋಡೆ, ಒಣಗಿದ ಗಿಡ ಕಣ್ಣಿಗೆ ಬಿದ್ದರೆ ಆ ದಿನವೇ ಸಂಬಂಧಪಟ್ಟವರಿಗೆ ಚೀಟಿ ಹೋಗುತ್ತಿತ್ತು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ತೋಟ, ಬೆಂಗಳೂರಿನ ಪುರಭವನ ಅವರ ಕಾಲದ್ದು. ತೋಟದ ಕೆಲಸಕ್ಕೆ ಲಾಲ್‌ಬಾಗಿನ ಕ್ರುಂಬಿಗಲ್ ಇದ್ದರು. ಅಂದಕ್ಕೆ ಇಷ್ಟು ಖರ್ಚೇಕೆ ಎಂದು ಆಗಲೂ ಗೊಣಗಿದವರಿದ್ದರು. ದುಡಿಯುವವನಿಗೂ ಸಂಜೆ ಕೂರಲು ಒಂದು ಜಾಗ ಬೇಕು ಎಂಬುದನ್ನು ಸರ್ಕಾರದ ಕೆಲಸವೆಂದೇ ತಿಳಿದ ದಿವಾನರು ನಮ್ಮಲ್ಲಿ ಎಷ್ಟು ಮಂದಿ?

ಈಗ ಹೆಂಡತಿಯ ಕಡೆಯ ಲೆಕ್ಕ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯ ಗಣಪತಿ ವಿಗ್ರಹದ ವಿಚಾರವಾಗಿ ಗಲಭೆಯಾಯಿತು. ದಿವಾನರ ಧರ್ಮ ಬೀದಿ ಮಾತಾಯಿತು. ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲೇ ಸಮಿತಿ ಕೂತಿತು. ಮಹಾರಾಜರು ಗೆಳೆಯನನ್ನು ಬಿಟ್ಟುಕೊಡಲಿಲ್ಲ. ಅದು ಕಳೆಯಿತು. ಕಳೆಯದೇ ಉಳಿದದ್ದು ಇನ್ನೊಂದು. ಮಿರ್ಜಾ ಕೊಟ್ಟ ಸೌಕರ್ಯ ಜನರಿಗೆ ಬೇಕಿತ್ತು, ಆದರೆ ಅದನ್ನು ಯಾರು ಕೊಡಬೇಕೆಂದು ತೀರ್ಮಾನಿಸುವ ಹಕ್ಕೂ ಬೇಕಿತ್ತು. ಪ್ರಜಾಪ್ರತಿನಿಧಿ ಸಭೆ 1881ರಿಂದಲೇ ಇತ್ತು, ಅಲ್ಲಿ ಮಾತಾಡಬಹುದಿತ್ತು. ಸರ್ಕಾರವನ್ನು ಬದಲಿಸಲು ಆಗುತ್ತಿರಲಿಲ್ಲ.

1938ರ ಏಪ್ರಿಲ್‌ನಲ್ಲಿ ನಮ್ಮದೇ ಸೀಮೆಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಆ ಬಿಸಿ ಆರುವ ಮುಂಚೆ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಅಜಗಜಾಂತರ. ವಿಚಾರಣೆಗೆ ವೇಪಾ ರಾಮೇಶಂ ಸಮಿತಿ ಬಂತು. ಪಟೇಲರೂ ಕೃಪಲಾನಿಯವರೂ ಬೆಂಗಳೂರಿಗೆ ಬಂದು ಮಾತುಕತೆ ನಡೆಸಿದರು. ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ರಾಷ್ಟ್ರಧ್ವಜ ಮೈಸೂರು ಧ್ವಜದ ಜೊತೆ ಹಾರಬಹುದು ಎಂದಾಯಿತು. ಆದರೆ ಜವಾಬ್ದಾರಿ ಸರ್ಕಾರ ಮಿರ್ಜಾ ಇರುವ ತನಕ ಬರಲಿಲ್ಲ. ಬೆಳಿಗ್ಗೆ ಬೀದಿಯ ಕಸವನ್ನು ಸ್ವತಃ ಕಂಡು ಬರುತ್ತಿದ್ದ ಮನುಷ್ಯನಿಗೆ ಊರಿನ ಮನಸ್ಸು ಕಾಣಲಿಲ್ಲವೇ ಎಂದು ನನ್ನವಳು ಕೇಳುತ್ತಾಳೆ. ನಮ್ಮ ಕಬ್ಬಿನ ಗದ್ದೆಯಲ್ಲಿ ಅದಕ್ಕೆ ಉತ್ತರವಿಲ್ಲ.

1940ರ ಆಗಸ್ಟ್ 3ರಂದು ಕೃಷ್ಣರಾಜ ಒಡೆಯರು ತೀರಿಕೊಂಡರು. ಹೊಸ ಮಹಾರಾಜರೊಂದಿಗೆ ಹಳೆಯ ಸಲಿಗೆ ಇರಲಿಲ್ಲ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು.

ಮರುವರ್ಷ ಜೈಪುರದ ಸವಾಯ್ ಮಾನ್ ಸಿಂಗ್ ಕರೆಸಿಕೊಂಡರು. ಮೂರು ವರ್ಷದ ಹಿಂದಷ್ಟೇ ಇಲ್ಲಿ ಜಮ್ನಾಲಾಲ್ ಬಜಾಜ್ ಅವರನ್ನು ಸೆರೆಗೆ ಹಾಕಿದ್ದರು. ಪ್ರಜಾಮಂಡಲಕ್ಕೂ ದರ್ಬಾರಿಗೂ ಮಾತಿರಲಿಲ್ಲ. ನನಗೆ ಆಶ್ಚರ್ಯವಾದದ್ದು ಇಲ್ಲಿಯೇ. 1942ರಲ್ಲಿ, ದೇಶವೆಲ್ಲ ಕ್ವಿಟ್ ಇಂಡಿಯಾದಲ್ಲಿ ಉರಿಯುವಾಗ, ಮಿರ್ಜಾ ಪ್ರಜಾಮಂಡಲದ ಹೀರಾಲಾಲ್ ಶಾಸ್ತ್ರಿಗಳ ಜೊತೆ ಕೂತು ಒಂದು ಒಡಂಬಡಿಕೆಗೆ ಬಂದರು. ಒಪ್ಪದವರು ಆಜಾದ್ ಮೋರ್ಚಾ ಕಟ್ಟಿ ಬೀದಿಗಿಳಿದದ್ದೂ ಹೌದು. ಆದರೆ 1945ರಲ್ಲಿ ಜೈಪುರಕ್ಕೆ ಎರಡು ಸದನಗಳ ಶಾಸನ ಸಭೆ ಬಂತು. 1946ರಲ್ಲಿ ಪ್ರಜಾಮಂಡಲದ ದೇವಿಶಂಕರ ತಿವಾರಿ ಮಂತ್ರಿಯಾದರು. ಮೈಸೂರಿನಲ್ಲಿ ತಡೆಹಿಡಿದ ಹೆಜ್ಜೆಯನ್ನು ಇಲ್ಲಿ ಇಟ್ಟರೆ? ವಿದುರಾಶ್ವತ್ಥ ಅವರಿಗೆ ಏನಾದರೂ ಕಲಿಸಿತ್ತೇ? ಹಾಗೆಂದು ನಂಬಲು ನನಗೆ ಆಸೆ. ಯುದ್ಧದ ಕಾಲ ಬದಲಾಗಿತ್ತು ಅಷ್ಟೆ ಎಂದು ನನ್ನವಳ ವಾದ.

ಊರಿನ ಕೆಲಸ ಇಲ್ಲೂ ಬಿಡಲಿಲ್ಲ. 1727ರಲ್ಲಿ ಜೈಸಿಂಗ್ ಕಟ್ಟಿಸಿದ ನಗರ ಕೋಟೆಯೊಳಗೆ ಇಕ್ಕಟ್ಟಾಗಿತ್ತು. ದಕ್ಷಿಣದ ಗೋಡೆಯಾಚೆ ಅಗಲದ ರಸ್ತೆ, ಹೊಸ ಬಡಾವಣೆಗಳಿಗೆ ನಕ್ಷೆ ಬಿತ್ತು. ಇಂದಿನ ಸಿ-ಸ್ಕೀಮ್ ಎಂಬ ವಿಚಿತ್ರ ಹೆಸರು ಆ ನಕ್ಷೆಯ ಉಳಿಕೆ. 1945ರಲ್ಲಿ ಇಲ್ಲಿ ನಡೆದ ಲೇಖಕರ ಪೆನ್ ಸಮ್ಮೇಳನಕ್ಕೆ ಇ.ಎಂ. ಫಾರ್ಸ್ಟರ್ ಕೂಡ ಬಂದಿದ್ದರು. ಈಗಿನ ಜೈಪುರದ ಸಾಹಿತ್ಯ ಉತ್ಸವಕ್ಕೆ ವಿಮಾನ ಹತ್ತಿ ಬರುವ ಬೆಂಗಳೂರಿನ ಗೆಳೆಯರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

1946ರ ಆಗಸ್ಟ್‌ನಲ್ಲಿ ಹೈದರಾಬಾದಿನ ನಿಜಾಮರು ಕರೆದರು. ಜಿನ್ನಾ ಆ ನೇಮಕವನ್ನು ವಿರೋಧಿಸಿದ್ದರು. ಭಾರತದೊಂದಿಗೆ ರಾಜಿಯಾಗುವುದೇ ಒಳಿತೆಂಬ ಮಿರ್ಜಾ ಸಲಹೆ ಇತ್ತೆಹಾದಿನವರಿಗೆ ಬೇಡವಾಗಿತ್ತು. ಬೆಂಗಳೂರಿನಲ್ಲಿ ಮುಸ್ಲಿಮನೆಂದು ಅನುಮಾನಕ್ಕೆ ಒಳಗಾದವರು ಅಲ್ಲಿ ಸಾಲದಷ್ಟು ಮುಸ್ಲಿಮನೆಂದು ಬೈಸಿಕೊಂಡರು. 1947ರ ಮೇ ತಿಂಗಳಲ್ಲಿ ಬಿಟ್ಟು ಬಂದರು. ಮುಂದಿನ ವರ್ಷ ಅಲ್ಲಿ ಆದದ್ದು ಎಲ್ಲರಿಗೂ ಗೊತ್ತು.

ಅದೇ 1947ರ ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಮಿರ್ಜಾ ವಿಶ್ವಸಂಸ್ಥೆಯ ಕೆಲಸಕ್ಕಾಗಿ ಕೆಲಕಾಲ ಇಂಡೋನೇಷ್ಯಾಕ್ಕೆ ಹೋಗಿ ಬಂದರು. 1954ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಮೊದಲು ಗೌರಿಬಿದನೂರು, ಆಮೇಲೆ ಮಂಡ್ಯ ಎಂದು ಮನೆಯಲ್ಲಿ ಒಪ್ಪಂದವಾಗಿತ್ತು. ವಿದುರಾಶ್ವತ್ಥದ ಸ್ಮಾರಕದ ಮುಂದೆ ಮಗಳು ಹೆಸರುಗಳನ್ನು ಒಂದೊಂದಾಗಿ ಜೋರಾಗಿ ಓದಿದಳು. ಮೂರು ದಿನ ಬಿಟ್ಟು ನಾಲೆಯ ಏರಿಯ ಮೇಲೆ ನಿಂತು, ಇದನ್ನೂ ಅವರೇ ಮಾಡಿಸಿದ್ದಾ ಎಂದು ಕೇಳಿದಳು. ಹೌದು ಎಂದೆ. ನೀರು ಬಿಟ್ಟಿದ್ದರು, ಅವಳು ಚಪ್ಪಲಿ ಕಳಚಿ ಕಾಲು ಇಳಿಬಿಟ್ಟು ಕೂತಳು.