ಜ್ವರ ಬರಿಸಿ ಕ್ಯಾನ್ಸರ್ ಕರಗಿಸಹೊರಟ ವೈದ್ಯ ವಿಲಿಯಂ ಕೋಲಿ

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎತ್ತಿಕಟ್ಟುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಹಾಗೂ ತಸುಕು ಹೊಂಜೊ 2018ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಅದಕ್ಕೂ ಶತಮಾನಕ್ಕಿಂತ ಮೊದಲೇ ಈ ದಾರಿಯಲ್ಲಿ ಹೆಜ್ಜೆಯಿಟ್ಟು, ಅನುಮಾನದ ನೆರಳಲ್ಲೇ ಬದುಕು ಸವೆಸಿದವರು ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ವಿಲಿಯಂ ಬ್ರಾಡ್ಲಿ ಕೋಲಿ.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1862ರ ಜನವರಿ 12ರಂದು ಜನಿಸಿದ ಕೋಲಿ, ಯೇಲ್‌ನಲ್ಲಿ ಪದವಿ ಪಡೆದು 1888ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯಶಿಕ್ಷಣ ಮುಗಿಸಿದರು. ವೃತ್ತಿಯ ಆರಂಭದಲ್ಲೇ ಅವರ ಬಳಿಗೆ ಬಂದವಳು ಹದಿನೇಳರ ಹರೆಯದ ಬೆಸ್ಸಿ ಡಶಿಯೆಲ್. ಕೈನೋವಿಗೆ ಕಾರಣ ಮೂಳೆಯ ಸಾರ್ಕೋಮಾ ಎಂಬ ಕ್ಯಾನ್ಸರ್. ಮುಂಗೈ ಕತ್ತರಿಸಿದರೂ ರೋಗ ಮೈಯೆಲ್ಲ ಹರಡಿ, 1891ರ ಜನವರಿಯಲ್ಲಿ ಆಕೆ ಕೊನೆಯುಸಿರೆಳೆದಳು.

ಈ ಸಾವು ಯುವ ವೈದ್ಯನನ್ನು ಕಲಕಿತು. ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಜಾಲಾಡಿದಾಗ ಫ್ರೆಡ್ ಸ್ಟೈನ್ ಎಂಬ ಜರ್ಮನ್ ವಲಸಿಗನ ಪ್ರಕರಣ ಕಣ್ಣಿಗೆ ಬಿತ್ತು. ಶಸ್ತ್ರಚಿಕಿತ್ಸೆಗೂ ಜಗ್ಗದ ಆತನ ಕತ್ತಿನ ಗಡ್ಡೆ, ಎರಿಸಿಪೆಲಾಸ್ ಎಂಬ ಚರ್ಮದ ಸೋಂಕು ತಗುಲಿ ಜ್ವರ ಏರಿದ ಬಳಿಕ ಮಾಯವಾಗಿತ್ತು. ಬಡವರ ಕೇರಿಗಳಲ್ಲಿ ಅಲೆದ ಕೋಲಿ ಆತನನ್ನು ಪತ್ತೆಹಚ್ಚಿಯೇಬಿಟ್ಟರು. ವರ್ಷಗಳು ಉರುಳಿದ್ದರೂ ಆತ ಆರೋಗ್ಯವಾಗಿದ್ದ!

ಸೋಂಕನ್ನು ಬೇಕೆಂದೇ ತರಿಸಿದರೆ ಹೇಗೆ? 1891ರಲ್ಲಿ ಜೋಲಾ ಎಂಬ ಇಟಲಿಯ ವಲಸಿಗನಿಗೆ ಕೋಲಿ ಜೀವಂತ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಚುಚ್ಚಿದರು. ತೀವ್ರ ಜ್ವರದಿಂದ ಸಾವಿನಂಚಿಗೆ ಹೋದ ಆತನ ಗಡ್ಡೆ ಕರಗಿತು. ಆತ ಮತ್ತೆ ಕೆಲವು ವರ್ಷ ಬದುಕಿದ. ಆದರೆ ಮುಂದಿನ ಪ್ರಯೋಗಗಳಲ್ಲಿ ಇಬ್ಬರು ಸೋಂಕಿಗೇ ಬಲಿಯಾದರು. ಆಗ ಕೋಲಿ ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಬೆರೆಸಿ ಮದ್ದು ತಯಾರಿಸಿದರು. 1893ರ ಜನವರಿಯಲ್ಲಿ ಅದನ್ನು ಪಡೆದ 16ರ ಹುಡುಗನೊಬ್ಬನ ಹೊಟ್ಟೆಯ ದೊಡ್ಡ ಗಡ್ಡೆ ತಿಂಗಳುಗಳಲ್ಲಿ ಕರಗಿತು. ಮುಂದೆ 26 ವರ್ಷ ಬಾಳಿದ ಆತ ಸತ್ತದ್ದು ಹೃದಯಾಘಾತದಿಂದ. 1899ರಿಂದ ಪಾರ್ಕ್-ಡೇವಿಸ್ ಕಂಪನಿ ಈ ಮದ್ದನ್ನು ತಯಾರಿಸತೊಡಗಿತು. 'ಕೋಲಿ ಟಾಕ್ಸಿನ್' ಎಂಬ ಹೆಸರು ನೆಲೆಯೂರಿತು.

ಆದರೂ ವೈದ್ಯಲೋಕ ಒಪ್ಪಲಿಲ್ಲ. ಅದಕ್ಕೆ ಕಾರಣಗಳೂ ಇದ್ದವು. ಮದ್ದಿನ ತಯಾರಿಕೆ ಕಾಲಕಾಲಕ್ಕೆ ಬದಲಾಗುತ್ತಿತ್ತು. ಒಂದರ ಶಕ್ತಿ ಇನ್ನೊಂದಕ್ಕಿರಲಿಲ್ಲ. ಕೆಲವರಿಗೆ ಗಡ್ಡೆಗೇ, ಕೆಲವರಿಗೆ ಸ್ನಾಯುವಿಗೆ, ಮತ್ತೆ ಕೆಲವರಿಗೆ ರಕ್ತನಾಳಕ್ಕೆ ಚುಚ್ಚಲಾಗುತ್ತಿತ್ತು. ರೋಗಿಗಳನ್ನು ಗಮನಿಸುವ ಕ್ರಮವೂ ಸಡಿಲವಾಗಿತ್ತು. ಯಾರಿಗೆ ಗುಣವಾಗುತ್ತದೆ, ಯಾರಿಗೆ ಇಲ್ಲ ಎಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಅದೇ ವೇಳೆಗೆ ವಿಕಿರಣ ಚಿಕಿತ್ಸೆ ಕಾಲಿಟ್ಟಿತ್ತು. ಕೋಲಿ ಸೇವೆಯಲ್ಲಿದ್ದ ಮೆಮೋರಿಯಲ್ ಆಸ್ಪತ್ರೆಯ ಪ್ರಭಾವಿ ರೋಗಶಾಸ್ತ್ರಜ್ಞ ಜೇಮ್ಸ್ ಎವಿಂಗ್ ಅದರ ಪರ ನಿಂತು, ಟಾಕ್ಸಿನ್ ವಿರೋಧಿಸಿದರು. 1936ರ ಏಪ್ರಿಲ್ 16ರಂದು ಕೋಲಿ ನಿಧನರಾದಾಗ ಅವರ ಚಿಕಿತ್ಸೆ ಮೂಲೆ ಸೇರುತ್ತಿತ್ತು.

ಅದನ್ನು ಮರೆವಿನಿಂದ ಮೇಲೆತ್ತಿದ್ದು ಮಗಳು ಹೆಲೆನ್ ಕೋಲಿ ನಾಟ್ಸ್. ವೈದ್ಯಪದವಿ ಇಲ್ಲದ ಆಕೆ ತಂದೆಯ ಕಾಗದಪತ್ರಗಳನ್ನು ಕೆದಕಿ, ಸಾವಿರದಷ್ಟು ಪ್ರಕರಣಗಳನ್ನು ಕಲೆಹಾಕಿ ಒಪ್ಪವಾಗಿ ಜೋಡಿಸಿದರು. 1953ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಆದರೆ 1965ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕೋಲಿ ಟಾಕ್ಸಿನ್ ಅನ್ನು ರುಜುವಾತಾಗದ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು. ಹತ್ತು ವರ್ಷಗಳ ನಂತರ ಕೈಬಿಟ್ಟಿತು.

ಗಡ್ಡೆ ಕರಗಿಸುವುದು ಬ್ಯಾಕ್ಟೀರಿಯಾದ ವಿಷ ಎಂದೇ ಕೋಲಿ ನಂಬಿದ್ದರು. ಬ್ಯಾಕ್ಟೀರಿಯಾದ ಅಂಶಗಳು ದೇಹದ ರಕ್ಷಣಾ ಕೋಶಗಳನ್ನು ಬಡಿದೆಬ್ಬಿಸುತ್ತವೆ ಎಂಬುದು ಇಂದಿನ ತಿಳಿವಳಿಕೆ. ಆಗ ಹೊಮ್ಮುವ ರಾಸಾಯನಿಕಗಳಲ್ಲೊಂದಾದ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಅನ್ನು ಲಾಯ್ಡ್ ಓಲ್ಡ್ ಮತ್ತು ಸಂಗಡಿಗರು 1975ರಲ್ಲಿ ಗುರುತಿಸಿದರು. ನಮ್ಮಲ್ಲಿ ಹಸುಗೂಸುಗಳಿಗೆ ಕ್ಷಯ ತಡೆಗೆ ಹಾಕುವ ಬಿಸಿಜಿ ಲಸಿಕೆ ಮೂತ್ರಕೋಶದ ಕ್ಯಾನ್ಸರಿಗೂ ಮದ್ದಾಗಬಲ್ಲದೆಂದು ಕೆನಡಾದ ಆಲ್ವಾರೊ ಮೊರಾಲೆಸ್ 1976ರಲ್ಲಿ ತೋರಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ.

ಕೋಲಿ ಕಂಡದ್ದು ಸುಳ್ಳಾಗಿರಲಿಲ್ಲ, ಎವಿಂಗ್ ಕೇಳಿದ ಪುರಾವೆಯೂ ಅನ್ಯಾಯದ್ದಾಗಿರಲಿಲ್ಲ. ಗುಣವಾದವರ ಕಥೆ ವೈದ್ಯವಿಜ್ಞಾನವಾಗಬೇಕಾದರೆ ಗುಣವಾಗದವರ ಲೆಕ್ಕವೂ ಅಷ್ಟೇ ಶ್ರದ್ಧೆಯಿಂದ ಬರೆದಿರಬೇಕು. ತಂದೆ ಬಿಟ್ಟುಹೋದ ಆ ಲೆಕ್ಕವನ್ನು ಸರಿಪಡಿಸಲು ಮಗಳು ತನ್ನ ಜೀವಮಾನವನ್ನೇ ತೆರಬೇಕಾಯಿತು.